ಗೋಡೆ ಓನರದ್ದು, ಬಿರುಕು ಯಾರದ್ದು?

2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಹಳೆಯ ಕಟ್ಟಡವೊಂದು ಕುಸಿದುಬಿತ್ತು. ಅಲ್ಲಿ ತಂಗಿದ್ದವರು ಮೆಟ್ರೊ ಕಾಮಗಾರಿಯ ಕಾರ್ಮಿಕರು. ಅಕ್ಟೋಬರ್ 7ರಂದು ಕಸ್ತೂರಿನಗರದಲ್ಲಿ ಐದಂತಸ್ತಿನ ವಸತಿ ಕಟ್ಟಡ ವಾಲಿ ಕುಸಿಯಿತು. ಆ ಸುದ್ದಿ ಹಳತಾಗುವ ಮೊದಲೇ ಕಮಲಾನಗರದಲ್ಲಿ ಮತ್ತೊಂದು ಕಟ್ಟಡ ಪಕ್ಕಕ್ಕೆ ಬಾಗಿತು. ಅದನ್ನು ಪಾಲಿಕೆಯವರೇ ಯಂತ್ರ ತರಿಸಿ ಕೆಡವಿದರು. ಮೂರೂ ಕಡೆ ಜನ ಸಕಾಲದಲ್ಲಿ ಹೊರಬಂದಿದ್ದರಿಂದ ಜೀವ ಉಳಿಯಿತು. ಆಮೇಲೆ ಕೆಲವು ವಾರ ಪತ್ರಿಕೆಗಳಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ನಕ್ಷೆ ಮಂಜೂರಾಗಿತ್ತೇ, ಮೇಲಿನ ಅಂತಸ್ತು ಅಕ್ರಮವೇ, 2019ರ ಸಮೀಕ್ಷೆಯಲ್ಲಿ ಶಿಥಿಲವೆಂದು ಗುರುತಿಸಿದ್ದ 185 ಕಟ್ಟಡಗಳ ಗತಿ ಏನಾಯಿತು, ಯಾವ ಎಂಜಿನಿಯರ್ ಅಮಾನತಾಗಬೇಕು ಎಂಬುದೆಲ್ಲ ಚರ್ಚೆಗೆ ಬಂತು. ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದ ಬಾಡಿಗೆದಾರರ ಅಡ್ವಾನ್ಸ್ ಹಣ ಯಾರ ಬಳಿ ಉಳಿಯಿತು, ಅದು ಯಾವಾಗ ವಾಪಸಾಗಬೇಕು ಎಂಬ ಪ್ರಶ್ನೆ ಮಾತ್ರ ಎಲ್ಲೂ ಸರಿಯಾಗಿ ಏಳಲಿಲ್ಲ.

ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಗಂಟು ಇರುವುದೇ ಅಲ್ಲಿ. ಬಿರುಕು ಮೊದಲು ಕಣ್ಣಿಗೆ ಬೀಳುವುದು ಆ ಮನೆಯಲ್ಲಿ ಮಲಗಿ ಏಳುವವರಿಗೆ. ಅಪಾಯ ಅವರಿಗೆ ಗೊತ್ತಿಲ್ಲದೆ ಏನಲ್ಲ. ಗೊತ್ತಿದ್ದೂ ಅವರು ಅಲ್ಲಿಯೇ ಇರುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬಹುಕಾಲದ ರೂಢಿ. ಈಚೆಗೆ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ, ಅಷ್ಟೇ. ಇಪ್ಪತ್ತು ಸಾವಿರದ ಮನೆಗೆ ಎರಡು ಲಕ್ಷ. ಭೋಗ್ಯಕ್ಕೆ ಹಾಕಿಕೊಂಡವರದ್ದು ಇನ್ನೂ ದೊಡ್ಡ ಗಂಟು: ತಿಂಗಳ ಬಾಡಿಗೆ ಇಲ್ಲ, ಬದಲಿಗೆ ಹತ್ತು ಹದಿನೈದು ಲಕ್ಷ ಒಟ್ಟಿಗೇ ಮಾಲೀಕರ ಕೈಗೆ. ಆ ಹಣವನ್ನು ಯಾವ ಮಾಲೀಕರೂ ತಿಜೋರಿಯಲ್ಲಿ ಇಟ್ಟಿರುವುದಿಲ್ಲ. ಅದು ಮೇಲಿನ ಮಹಡಿಗೋ ಮಗಳ ಮದುವೆಗೋ ಖರ್ಚಾಗಿರುತ್ತದೆ. ಹಳೇ ಬಾಡಿಗೆದಾರ ಬಿಡುವಾಗ ಹೊಸಬ ಕೊಟ್ಟ ಅಡ್ವಾನ್ಸನ್ನೇ ಅವನ ಕೈಗಿಡುವುದು ನಡೆದುಬಂದ ಪದ್ಧತಿ. ಸುಸ್ಥಿತಿಯ ಮನೆಯಲ್ಲಿ ಈ ಸರಪಳಿ ನಡೆಯುತ್ತದೆ. ತಾರಸಿ ಉದುರುತ್ತಿರುವ ಮನೆಗೆ ಹೊಸಬ ಬರುವುದಿಲ್ಲ. ಹೊಸಬ ಬಾರದೆ ಹಳಬನಿಗೆ ದುಡ್ಡಿಲ್ಲ. ಮನೆ ಅಪಾಯಕಾರಿಯಾದಷ್ಟೂ ಬಿಟ್ಟು ಹೋಗುವುದು ಕಷ್ಟವಾಗುತ್ತ ಹೋಗುತ್ತದೆ.

ಎಲ್ಲ ಬಿರುಕೂ ಒಂದೇ ಅಲ್ಲ. ಗಾರೆ ಒಣಗುವಾಗ ಬೀಳುವ ಕೂದಲೆಳೆಯಂಥ ಗೆರೆಗಳಿಗೂ, ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿಯುವ ಗೆರೆಗೂ ಗಾಬರಿಯಾಗಬೇಕಿಲ್ಲ. ಕಾಂಕ್ರೀಟು ಮತ್ತು ಇಟ್ಟಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕಿನ ಮಾತೇ ಬೇರೆ. ಪಾಯದ ಒಂದು ಭಾಗ ಕೂರುತ್ತಿದೆ ಎಂಬುದಕ್ಕೆ ಅದು ಸಾಮಾನ್ಯ ಸೂಚನೆ. ಅದರ ಅಗಲ ಐದು ಮಿಲಿಮೀಟರ್ ದಾಟಿತೆಂದರೆ ಎಂಜಿನಿಯರ್ ಕಣ್ಣು ಹಾಯಲೇಬೇಕು. ಹದಿನೈದು ದಾಟಿದರೆ ವಿಚಾರ ಗಂಭೀರವೇ. ತೊಲೆಯಲ್ಲಿ ಬಿರುಕು ಎಲ್ಲಿದೆ ಎಂಬುದೂ ಮುಖ್ಯ. ನಟ್ಟನಡುವೆ ತಳದಲ್ಲಿರುವ ಸಣ್ಣ ಗೆರೆಗಿಂತ, ತೊಲೆ ಕಂಬವನ್ನು ಸೇರುವ ಕಡೆ ಓರೆಯಾಗಿ ಕಾಣುವ ಗೆರೆ ಹೆಚ್ಚು ಅಪಾಯದ್ದು. ಏಕೆಂದರೆ ಅಂಥ ತೊಲೆ ಬಾಗಿ ಮುನ್ನೆಚ್ಚರಿಕೆ ಕೊಟ್ಟು ಬೀಳುವುದಿಲ್ಲ, ಹಠಾತ್ತನೆ ಮುರಿಯುತ್ತದೆ. ಕಂಬದ ಮೇಲೆ ಉದ್ದುದ್ದ ಬಿರುಕು ಬಿದ್ದು ಮೂಲೆಯ ಕಾಂಕ್ರೀಟು ಸಿಡಿದಿದ್ದರೆ, ನಿನ್ನೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಂಡರೆ, ರಾತ್ರಿ ಗೋಡೆಯಿಂದ ಚಟಚಟ ಸದ್ದು ಬಂದರೆ ಯಾರನ್ನೂ ಕೇಳುತ್ತ ಕೂರಬಾರದು. ಮಕ್ಕಳು, ಮುದುಕರೊಂದಿಗೆ ಹೊರಗೆ ಬಂದು ನಿಂತು 112ಕ್ಕೆ ಕರೆ ಮಾಡುವುದೇ ಸರಿ.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಹಳೆಯ ಎಂಜಿನಿಯರುಗಳ ಒಂದು ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಅಷ್ಟು ಮಾಡಲಾಗದವರು ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ತಾರೀಖು ಬರೆದಿಟ್ಟರೂ ಸಾಕು. ಎರಡು ತಿಂಗಳ ನಂತರ ಬಿರುಕು ಆ ಗೀಟನ್ನು ದಾಟಿ ಹೋಗಿದ್ದರೆ ಅದೇ ಸಾಕ್ಷಿ. ತಾರಸಿಯನ್ನು ಪರೀಕ್ಷಿಸುವವರು ಕೋಲಿನಿಂದ ಮೆಲ್ಲಗೆ ಬಡಿದು ನೋಡುತ್ತಾರೆ. ಗಟ್ಟಿ ಕಾಂಕ್ರೀಟು ಖಣ್ಣೆನ್ನುತ್ತದೆ; ಒಳಗೆ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು. ಅಂಥ ಜಾಗದ ಕೆಳಗೆ ತೊಟ್ಟಿಲು ಕಟ್ಟಬಾರದು, ಮಂಚ ಹಾಕಬಾರದು.

ನಮ್ಮ ಬಾಡಿಗೆ ಮನೆಗಳಲ್ಲಿ ಈ ಟೊಳ್ಳಿಗೆ ಮುಖ್ಯ ಕಾರಣ ನೀರು. ಬಾತ್‌ರೂಮಿನ ನೆಲದಡಿ ಪೈಪಿಗಾಗಿ ತಗ್ಗಿಸಿ ಹಾಕಿದ ಸ್ಲ್ಯಾಬಿನಲ್ಲಿ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹೊದಿಸಿರುತ್ತಾರೆ. ಒಂದು ಜೋಡಣೆ ಸೋರಿದರೆ ನೀರು ಅಲ್ಲಿಯೇ ನಿಂತು ವರ್ಷಗಟ್ಟಲೆ ಕೆಳಗಿಳಿಯುತ್ತದೆ. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣವನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ತೇವ ಸೇರಿ ಆ ಗುಣ ಹೋದ ಮೇಲೆ ಕಂಬಿಗೆ ತುಕ್ಕು ಹತ್ತುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಹೊರಗಿನ ಕಾಂಕ್ರೀಟು ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಐಎಸ್ 456:2000 ಸಂಹಿತೆಯ ಪ್ರಕಾರ ಸೌಮ್ಯ ವಾತಾವರಣದಲ್ಲೂ ಸ್ಲ್ಯಾಬಿನ ಕಂಬಿಯ ಮೇಲೆ 20 ಮಿಲಿಮೀಟರ್, ಕಂಬದಲ್ಲಿ 40 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು. ಸಣ್ಣ ಕಟ್ಟಡಗಳಲ್ಲಿ ಕವರ್ ಬ್ಲಾಕಿನ ಜಾಗಕ್ಕೆ ಕೈಗೆ ಸಿಕ್ಕ ಜಲ್ಲಿ ಚೂರು ಇಟ್ಟು ಮೋಲ್ಡ್ ಹಾಕುವುದನ್ನು ನೋಡಿದವರಿಗೆ, ಹದಿನೈದು ವರ್ಷಕ್ಕೇ ಸೀಲಿಂಗಿನಲ್ಲಿ ಕಂಬಿ ಕಾಣುವುದು ಆಶ್ಚರ್ಯದ ಸಂಗತಿಯಲ್ಲ.

ಎರಡನೆಯ ಕಾರಣ, ಭಾರ. ಎರಡಂತಸ್ತಿಗೆ ತೋಡಿದ ಪಾಯದ ಮೇಲೆ ಬಾಡಿಗೆ ಆಸೆಗೆ ನಾಲ್ಕನೆಯದು, ಅದರ ಮೇಲೆ ಶೀಟಿನ ಮನೆ, ಅದರ ಮೇಲೆ ಸಾವಿರ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕುಗಳು. ತುಂಬಿದ ಒಂದೊಂದು ಟ್ಯಾಂಕೂ ಒಂದೊಂದು ಟನ್. ಮೂವತ್ತು ನಲವತ್ತರ ಸೈಟಿನಲ್ಲಿ ಕಾರು ನಿಲ್ಲಿಸಲೆಂದು ಕೆಳಗೆ ಬರೀ ಕಂಬ ಬಿಟ್ಟು ಮೇಲೆಲ್ಲ ಗೋಡೆ ಕಟ್ಟಿದಾಗ ಆ ಕಂಬಗಳ ಮೇಲೆ ಇಡೀ ಕಟ್ಟಡದ ಹಣೆಬರಹ ನಿಂತಿರುತ್ತದೆ. ಮೂರನೆಯದು ಪಕ್ಕದ ಸೈಟು. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಬೀದಿಗಳಲ್ಲಿ ಪಕ್ಕದವರು ಬೇಸ್‌ಮೆಂಟಿಗೆಂದು ಆಳಕ್ಕೆ ತೋಡಿದರೆ ಇತ್ತಕಡೆಯ ಪಾಯದಡಿಯ ಮಣ್ಣು ಸಡಿಲವಾಗುತ್ತದೆ. ಇಲ್ಲಿ ತಪ್ಪು ಮನೆಯ ಮಾಲೀಕರದ್ದೂ ಅಲ್ಲ, ಬಾಡಿಗೆದಾರರದ್ದೂ ಅಲ್ಲ. ಇಬ್ಬರೂ ಸೇರಿ ಪಕ್ಕದವರ ಮೇಲೆ ದೂರು ಕೊಡಬೇಕಾದ ಸಂದರ್ಭ. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆ ಎರೆಮಣ್ಣಿನದೇ ಬೇರೆ ಕಥೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಆಳವಿಲ್ಲದ ಪಾಯ ಹಾಕಿದ ಮನೆ ವರ್ಷಕ್ಕೊಮ್ಮೆ ಉಸಿರಾಡಿದಂತೆ ಬಿರುಕು ತೆರೆದು ಮುಚ್ಚುತ್ತದೆ. ಅದು ಮನೆ ಬೀಳುವ ಲಕ್ಷಣವಲ್ಲ, ಆದರೆ ಪ್ರತಿ ವರ್ಷ ಮುಚ್ಚದೆ ಉಳಿಯುವ ಭಾಗ ಎಷ್ಟು ಎಂದು ನೋಡುತ್ತಿರಬೇಕು.

‘ಟು ಲೆಟ್’ ಬೋರ್ಡು ನೇತುಹಾಕುವ ಮುನ್ನ ಗೋಡೆಯ ಬಿರುಕುಗಳ ಮೇಲೆಲ್ಲ ಪುಟ್ಟಿ ಬಳಿದು ಬಣ್ಣ ಹೊಡೆಯಲಾಗುತ್ತದೆ. ಆ ಬಣ್ಣದ ಖರ್ಚನ್ನು ಹೋದ ಬಾಡಿಗೆದಾರನ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆಯಾಗಿ ಮುರಿದುಕೊಂಡಿರುತ್ತಾರೆ ಎಂಬುದು ಈ ಊರಿನ ವ್ಯಂಗ್ಯಗಳಲ್ಲಿ ಒಂದು. ಮನೆ ನೋಡಲು ಹೋದವರು ಹಾಲಿನ ವಿಟ್ರಿಫೈಡ್ ಟೈಲ್ಸ್, ಮಾಡ್ಯುಲರ್ ಕಿಚನ್ ನೋಡಿ ಮರುಳಾಗಿ ಬರುತ್ತಾರೆ. ನೋಡಬೇಕಾದದ್ದು ಬಾತ್‌ರೂಮಿನ ಸೀಲಿಂಗು, ಸಜ್ಜಾಗಳ ತಳ, ಕಾರು ನಿಲ್ಲಿಸುವ ಜಾಗದ ಕಂಬಗಳು, ಟ್ಯಾಂಕಿನ ಕೆಳಗಿನ ತೊಲೆ. ಅಲ್ಲಿ ಯಾರೂ ಪುಟ್ಟಿ ಬಳಿಯುವುದಿಲ್ಲ.

ಈಗ ಕಾನೂನಿನ ಮಾತು. ನಮ್ಮ ಬಹುಪಾಲು ಬಾಡಿಗೆ ಮನೆಗಳನ್ನು ಇವತ್ತಿಗೂ ಆಳುತ್ತಿರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಮು ಮಾಲೀಕ ಮತ್ತು ಬಾಡಿಗೆದಾರರ ಹಕ್ಕು ಬಾಧ್ಯತೆಗಳ ಪಟ್ಟಿ. ಮಾಲೀಕರಿಗೆ ಗೊತ್ತಿದ್ದು, ಬಾಡಿಗೆದಾರರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವಿದ್ದರೆ ಅದನ್ನು ಮಾಲೀಕರು ಮೊದಲೇ ಹೇಳಬೇಕು ಎನ್ನುವುದು ಅದರ ಮೊದಲ ಅಂಶ. ಬಿರುಕಿಗೆ ಪುಟ್ಟಿ ಬಳಿದು ಮನೆ ಕೊಟ್ಟವರಿಗೆ ಇದು ನೇರವಾಗಿ ತಟ್ಟುತ್ತದೆ. ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಬೇರೆ ಶಕ್ತಿಯಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ, ಇಲ್ಲವೇ ವಾಸಕ್ಕೆ ಶಾಶ್ವತವಾಗಿ ಅಯೋಗ್ಯವಾದರೆ, ಬಾಡಿಗೆದಾರರು ಇಷ್ಟಪಟ್ಟಲ್ಲಿ ಕರಾರು ರದ್ದಾಗುತ್ತದೆ. ‘ಇಷ್ಟಪಟ್ಟಲ್ಲಿ’ ಎಂಬುದಕ್ಕೆ ತೂಕವಿದೆ. ಆ ಆಯ್ಕೆ ಮಾಲೀಕರ ಕೈಯಲ್ಲಿಲ್ಲ. ‘ಶಾಶ್ವತವಾಗಿ’ ಎಂಬುದಕ್ಕೂ ತೂಕವಿದೆ. ಎರಡು ತಿಂಗಳು ರಿಪೇರಿ ನಡೆದು ಮನೆ ಮತ್ತೆ ವಾಸಯೋಗ್ಯವಾಗುವಂತಿದ್ದರೆ ಕರಾರು ತಾನಾಗಿ ಬೀಳುವುದಿಲ್ಲ. ಒಪ್ಪಂದ ನೆರವೇರಿಸುವುದು ಅಸಾಧ್ಯವಾಯಿತು ಎಂಬ ಒಪ್ಪಂದ ಕಾಯ್ದೆಯ ವಾದ ನಡೆಯುತ್ತಿರುವ ಬಾಡಿಗೆಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಕೋವಿಡ್ ಕಾಲದಲ್ಲಿ ದೆಹಲಿ ಹೈಕೋರ್ಟು ಅಂಗಡಿ ಬಾಡಿಗೆಯ ಪ್ರಕರಣವೊಂದರಲ್ಲಿ ಇದೇ ದಾರಿ ಹಿಡಿಯಿತು.

ಎಲ್ಲರೂ ಎತ್ತಿ ಹೇಳುವ ಇನ್ನೊಂದು ಅಂಶವಿದೆ. ಮಾಲೀಕರು ತಾವು ಮಾಡಿಕೊಡಲು ಬದ್ಧರಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಮಂಜಸ ಅವಧಿಯಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಳಲು ಚೆನ್ನಾಗಿದೆ. ತೊಡಕು ಇರುವುದು ‘ಬದ್ಧರಾದ’ ಎಂಬಲ್ಲಿ. ಮನೆ ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಅದನ್ನು ದುರಸ್ತಿಯಲ್ಲಿ ಇಡುವುದು ಮಾಲೀಕರ ಕರ್ತವ್ಯ ಎಂದು ಆ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ! ಕರಾರಿನಲ್ಲಿ ಬರೆದಿದ್ದರೆ ಉಂಟು, ಬರೆಯದಿದ್ದರೆ ವಾದಕ್ಕೆ ಬಿಟ್ಟದ್ದು. ಬಾಡಿಗೆದಾರರ ಹೊಣೆ ಮಾತ್ರ ಸ್ಪಷ್ಟ: ಸಹಜ ಸವೆತ ಬಿಟ್ಟು, ಪಡೆದಾಗ ಹೇಗಿತ್ತೋ ಹಾಗೆಯೇ ಮನೆಯನ್ನು ಹಿಂತಿರುಗಿಸಬೇಕು. ಹೀಗಾಗಿ ಕೋರ್ಟಿನ ಮುಂದಿನ ಟೈಪಿಸ್ಟರ ಕಂಪ್ಯೂಟರಿನಲ್ಲಿ ಹೆಸರು ಮಾತ್ರ ಬದಲಾಗುತ್ತ ಬರುವ ಹನ್ನೊಂದು ತಿಂಗಳ ಕರಾರಿಗೆ ಒಂದು ವಾಕ್ಯ ಸೇರಿಸಿಕೊಳ್ಳುವುದು ಬಲು ಮುಖ್ಯ. ಪಾಯ, ಕಂಬ, ತೊಲೆ, ತಾರಸಿ, ಹೊರಗೋಡೆ, ಗೋಡೆಯೊಳಗಿನ ಪೈಪುಗಳ ರಿಪೇರಿ ಮಾಲೀಕರದ್ದು. ಮನೆ ವಾಸಕ್ಕೆ ಯೋಗ್ಯವಲ್ಲ ಎಂದಾದರೆ ನೋಟಿಸ್ ಅವಧಿಯ ಲೆಕ್ಕವಿಲ್ಲದೆ ಅಡ್ವಾನ್ಸ್ ಇಷ್ಟು ದಿನದೊಳಗೆ ವಾಪಸು. ಇದನ್ನು ಬರೆಸಲು ಒಪ್ಪದ ಮಾಲೀಕರು ಮುಂದೆ ರಿಪೇರಿಗೂ ಒಪ್ಪುವವರಲ್ಲ ಎಂದು ತಿಳಿಯಬಹುದು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, 2001ರ ಕೊನೆಯ ದಿನದಿಂದ ಜಾರಿಯಲ್ಲೂ ಇದೆ. ಆದರೆ ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಈ ಬೆಲೆಗೆ ಇವತ್ತು ಬೈಕು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಪೇಟೆಗಳ ಹಳೆಯ ಅಂಗಡಿ, ವಠಾರಗಳ ಪಾಲಿಗೆ ಅದು ಇನ್ನೂ ಜೀವಂತ. ಪಿಜಿಗಳಲ್ಲಿ ಇರುವವರದ್ದು ಇನ್ನೂ ತೆಳುವಾದ ನೆಲೆ. ಹಾಸಿಗೆ ಬಾಡಿಗೆಗೆ ಪಡೆದವರಿಗೆ ಮನೆಯ ಮೇಲೆ ಪ್ರತ್ಯೇಕ ಸ್ವಾಧೀನವೇ ಇರುವುದಿಲ್ಲ. 108ನೇ ಕಲಮು ಅವರ ನೆರವಿಗೆ ಬರುವುದು ಕಷ್ಟ. ಅಲ್ಲಿ ಒಂದೇ ದಾರಿ, ಪಾಲಿಕೆಗೆ ದೂರು.

ಪಾಲಿಕೆಗೆ ಅಧಿಕಾರದ ಕೊರತೆ ಇಲ್ಲ. ಅಪಾಯಕಾರಿ ಕಟ್ಟಡವನ್ನು ಭದ್ರಪಡಿಸಲು, ರಿಪೇರಿ ಮಾಡಲು, ಕೆಡವಲು ನೋಟಿಸ್ ಕೊಡುವ, ಜನರನ್ನು ಖಾಲಿ ಮಾಡಿಸುವ ಅಧಿಕಾರ ಆಯುಕ್ತರಿಗೆ ಮೊದಲಿಂದಲೂ ಇದೆ. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದ ಮೇಲೂ ಅದು ಮುಂದುವರಿದಿದೆ. ಕೊರತೆ ಇರುವುದು ಆಮೇಲಿನ ದಾರಿಯಲ್ಲಿ. ಖಾಲಿ ಮಾಡಿಸಿದವರು ಎಲ್ಲಿಗೆ ಹೋಗಬೇಕು? ಅವರ ಅಡ್ವಾನ್ಸ್ ಕೊಡಿಸುವವರು ಯಾರು? ಕಟ್ಟಡ ಮತ್ತೆ ಎದ್ದರೆ ಅವರಿಗೆ ಜಾಗ ಉಂಟೇ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಪಟ್ಟಿಯಲ್ಲಿನ ಕಟ್ಟಡಗಳು ಪಟ್ಟಿಯಲ್ಲೇ ಉಳಿಯುತ್ತವೆ.

ಮುಂಬೈ ಈ ದಾರಿಯಲ್ಲಿ ನಮಗಿಂತ ಬಹಳ ಹಿಂದೆಯೇ ನಡೆದಿದೆ, ಬಹಳ ಪೆಟ್ಟೂ ತಿಂದಿದೆ. ಬಾಡಿಗೆ ನಿಯಂತ್ರಣದಿಂದ ದಶಕಗಟ್ಟಲೆ ಬಾಡಿಗೆ ಏರದೆ, ಮಾಲೀಕರು ರಿಪೇರಿಯಿಂದ ಕೈತೊಳೆದುಕೊಂಡಾಗ, ದ್ವೀಪನಗರದ ಹಳೆಯ ಕಟ್ಟಡಗಳ ಮೇಲೆ 1969ರಲ್ಲಿ ಸೆಸ್ ಹಾಕಿ ಸರ್ಕಾರಿ ಮಂಡಳಿಯೇ ರಿಪೇರಿ ಮಾಡುವ ವ್ಯವಸ್ಥೆ ತಂದರು. ಈಗ ಅದು ಮಹಾರಾಷ್ಟ್ರದ ವಸತಿ ಪ್ರಾಧಿಕಾರವಾದ ಮ್ಹಾಡಾ ಕೈಯಲ್ಲಿದೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ರಚನಾ ತಪಾಸಣೆ ಕಡ್ಡಾಯ. ತಕ್ಷಣ ಕೆಡವಬೇಕಾದ್ದು ಸಿ-1, ಕೆಲ ಭಾಗ ಖಾಲಿ ಮಾಡಿಸಿ ದೊಡ್ಡ ರಿಪೇರಿ ಮಾಡಬೇಕಾದ್ದು ಸಿ-2ಎ, ಖಾಲಿ ಮಾಡಿಸದೆ ರಚನೆ ಸರಿಪಡಿಸಬಹುದಾದ್ದು ಸಿ-2ಬಿ, ಸಣ್ಣಪುಟ್ಟದ್ದು ಸಿ-3 ಎಂಬ ವಿಂಗಡಣೆ ಇದೆ. ಇಷ್ಟಿದ್ದೂ 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅಪಾಯಕಾರಿ ಎಂದು ಘೋಷಿಸಿ, ಪುನರ್ನಿರ್ಮಾಣಕ್ಕೆ ಪಟ್ಟಿ ಮಾಡಿದ್ದ ಕಟ್ಟಡವದು. ಒಮ್ಮೆ ಹೊರಗೆ ಕಾಲಿಟ್ಟರೆ ಮರಳಿ ಬಾಗಿಲು ತೆರೆಯದು ಎಂಬ ಭಯ ಮುಂಬೈಯ ಹಳೆಯ ಬಾಡಿಗೆದಾರರಿಗೆ ಸಾವಿನ ಭಯಕ್ಕಿಂತ ದೊಡ್ಡದು.

ಆ ಭಯ ಆಧಾರವಿಲ್ಲದ್ದೂ ಅಲ್ಲ. ಕಡಿಮೆ ಬಾಡಿಗೆಯ ಹಳಬರನ್ನು ಎಬ್ಬಿಸಲು ‘ಕಟ್ಟಡ ಅಪಾಯಕಾರಿ’ ಎಂಬ ನೋಟಿಸನ್ನು ಮಾಲೀಕರೇ ತರಿಸಿಕೊಳ್ಳುವ ಆರೋಪ ಎಲ್ಲ ಊರಿನ ಕೋರ್ಟುಗಳಲ್ಲೂ ಕೇಳಿಬರುತ್ತದೆ. ಈ ವಿಚಾರದಲ್ಲಿ ಬಾಡಿಗೆದಾರರ ಪರವಾದ ಗಟ್ಟಿ ತೀರ್ಪು ಬಂದದ್ದು ನಮ್ಮ ಗಡಿಯಾಚೆಗಿನ ಸಾಂಗಲಿಯ ಪ್ರಕರಣದಲ್ಲಿ. ಶಿಥಿಲ ಕಟ್ಟಡವನ್ನು ಪಾಲಿಕೆ ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯುವುದಿಲ್ಲ, ಬಾಡಿಗೆ ಕಟ್ಟಡದ ಜೊತೆಗೆ ಅದರ ನೆಲಕ್ಕೂ ಸೇರಿದ್ದು ಎಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2014ರಲ್ಲಿ ಶಾಹ ರತನ್ಸಿ ಖಿಮ್ಜಿ ಪ್ರಕರಣದಲ್ಲಿ ಹೇಳಿತು. ಇದಕ್ಕೆ ವಿರುದ್ಧವಾಗಿದ್ದ ತನ್ನದೇ ಹಿಂದಿನ ತೀರ್ಪನ್ನು ತಳ್ಳಿಹಾಕಿತು. ಚಿಕ್ಕಪೇಟೆ, ಬಳೇಪೇಟೆಗಳ ಹಳೆಯ ಅಂಗಡಿಕಾರರಿಗೆ ಇದು ಆಸರೆ. ಹನ್ನೊಂದು ತಿಂಗಳ ಕರಾರಿನ ಮನೆಯವರಿಗೆ ಇದರಿಂದ ಹೆಚ್ಚು ಲಾಭವಿಲ್ಲ. ಅವರಿಗೆ ಬೇಕಾದ್ದು ಮರಳುವ ಹಕ್ಕಲ್ಲ, ಮರಳಿಸುವ ಹಣ.

ಮಾಲೀಕರ ಕಡೆಯ ನ್ಯಾಯವನ್ನೂ ನೋಡಬೇಕು. ಬಾಡಿಗೆಗೆ ಕೊಡುವವರೆಲ್ಲ ಶ್ರೀಮಂತರಲ್ಲ. ನಿವೃತ್ತಿಯ ದುಡ್ಡಿನಲ್ಲಿ ಎರಡು ಮನೆ ಕಟ್ಟಿ, ಕೆಳಗೆ ತಾವಿದ್ದು, ಮೇಲಿನ ಬಾಡಿಗೆಯಲ್ಲಿ ಔಷಧಿ, ಸಾಲದ ಕಂತು ತೂಗಿಸುವವರು ಬೀದಿಗೆ ಹತ್ತು ಮಂದಿ ಇದ್ದಾರೆ. ಒಂದು ತಾರಸಿಯ ಕಂಬಿ ಬಿಡಿಸಿ, ತುಕ್ಕು ತೆಗೆದು, ರಾಸಾಯನಿಕ ಲೇಪಿಸಿ, ಹೊಸ ಕಾಂಕ್ರೀಟು ಕಟ್ಟಿಸುವುದು ಲಕ್ಷಗಳ ಬಾಬ್ತು. ಬಾಡಿಗೆದಾರರೂ ಸಾಧುಗಳೇ ಎಂದಲ್ಲ. ಕೇಳದೆ ಗೋಡೆ ಒಡೆದು ಷಟರ್ ಕೂರಿಸಿದ ಅಂಗಡಿಯವರು, ಬಾಲ್ಕನಿಯನ್ನು ಅಡುಗೆಮನೆ ಮಾಡಿಕೊಂಡವರು ಇದ್ದಾರೆ. ಹಾನಿ ಅವರ ಕೈಯಿಂದ ಆಗಿದ್ದರೆ ಮೇಲೆ ಹೇಳಿದ ಹಕ್ಕುಗಳು ಅವರಿಗಿಲ್ಲ. ಆದರೆ ದುಡ್ಡಿಲ್ಲ ಎಂಬುದು ಮಾಲೀಕರನ್ನು ಹೊಣೆಯಿಂದ ಬಿಡಿಸುವುದಿಲ್ಲ. ದೆಹಲಿಯ ಚಾಂದನಿ ಚೌಕಿನ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತಾಗ, ದೋಷ ಒಳಗಿತ್ತು, ಹೊರಗೆ ಕಾಣಲಿಲ್ಲ ಎಂದು ಪಾಲಿಕೆ ವಾದಿಸಿತು. ಗೋಪುರಕ್ಕೆ ಎಂಬತ್ತು ವರ್ಷ, ಅದರ ಗಾರೆಯ ಆಯುಷ್ಯ ನಲವತ್ತು ನಲವತ್ತೈದು. ಕಾಲಕಾಲಕ್ಕೆ ತಜ್ಞರಿಂದ ಪರೀಕ್ಷಿಸದೆ ಇದ್ದದ್ದೇ ಅಲಕ್ಷ್ಯ, ಕಾಣದ ದೋಷ ಎಂಬುದು ನೆಪವಾಗದು ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ಪಾಲಿಕೆಯನ್ನೇ ಹೊಣೆ ಮಾಡಿತು. ರಸ್ತೆಯ ಪಕ್ಕದ ಕಟ್ಟಡದ ಬಗ್ಗೆ ಹೇಳಿದ ಮಾತದು. ಖಾಸಗಿ ಮಾಲೀಕರೂ ಓದಿಕೊಳ್ಳಬೇಕಾದದ್ದು. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲೂ ಉಂಟು.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಸುತ್ತು ಹೆಚ್ಚು. ರೇರಾ ಕಾಯ್ದೆಯ ಪ್ರಕಾರ ಹಸ್ತಾಂತರವಾದ ಐದು ವರ್ಷದೊಳಗೆ ರಚನಾ ದೋಷ ಕಂಡು ತಿಳಿಸಿದರೆ ಬಿಲ್ಡರು ಮೂವತ್ತು ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಆ ಹಕ್ಕು ಫ್ಲ್ಯಾಟ್ ಕೊಂಡವರದ್ದು, ಬಾಡಿಗೆಗೆ ಇರುವವರದ್ದಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಓನರು ಮೇಲ್ ನೋಡಿ, ಅಸೋಸಿಯೇಷನ್ನಿಗೆ ಬರೆದು, ಅಸೋಸಿಯೇಷನ್ ಬಿಲ್ಡರಿಗೆ ಬರೆಯುವಷ್ಟರಲ್ಲಿ ಐದು ವರ್ಷ ಮುಗಿದಿರುತ್ತದೆ. ಬಾಡಿಗೆದಾರರು ಓನರಿಗೂ ಅಸೋಸಿಯೇಷನ್ನಿಗೂ ಏಕಕಾಲಕ್ಕೆ ಬರೆದುಬಿಡುವುದು ಮೇಲು.

ಬರೆಯುವ ವಿಷಯಕ್ಕೇ ಬರೋಣ. ಈ ವ್ಯವಹಾರ ಸಾಮಾನ್ಯವಾಗಿ ಫೋನಿನಲ್ಲಿ ಹೀಗೆ ನಡೆಯುತ್ತದೆ:

“ಸಾರ್, ಬಾತ್‌ರೂಮ್ ಸೀಲಿಂಗ್ ಉದುರ್ತಾ ಇದೆ, ಕಂಬಿ ಕಾಣ್ತಿದೆ.”

“ಹಳೇ ಮನೆ ಅಲ್ವೇನಮ್ಮ, ಸ್ವಲ್ಪ ಗಾರೆ ಬಿದ್ದಿರತ್ತೆ. ಮಳೆಗಾಲ ಮುಗೀಲಿ, ಮೇಸ್ತ್ರೀನ ಕಳಿಸ್ತೀನಿ.”

ಮಳೆಗಾಲ ಮುಗಿಯುತ್ತದೆ, ಮೇಸ್ತ್ರಿ ಬರುವುದಿಲ್ಲ. ಬಂದರೂ ಸಿಮೆಂಟು ಮೆತ್ತಿ ಹೋಗುತ್ತಾನೆ. ತುಕ್ಕು ಒಳಗೇ ಉಳಿಯುತ್ತದೆ. ಆರು ತಿಂಗಳ ಮೇಲೆ ಜಗಳವಾದಾಗ ತಿಳಿಸಿದ್ದಕ್ಕೆ ದಾಖಲೆ ಇಲ್ಲ. ಆದ್ದರಿಂದ ಬಿರುಕು ಕಂಡ ದಿನವೇ, ಪಕ್ಕದಲ್ಲಿ ಸ್ಕೇಲೊಂದನ್ನು ಹಿಡಿದು ಫೋಟೊ ತೆಗೆದು, ವಾಟ್ಸ್ಆ್ಯಪಿನಲ್ಲಾದರೂ ಕಳಿಸಬೇಕು. ವಾರ ಕಳೆದರೂ ಉತ್ತರವಿಲ್ಲದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ. ಜಗಳದ ಧಾಟಿ ಬೇಡ; ಯಾವಾಗ ಕಂಡಿತು, ಎಲ್ಲಿ, ಎಷ್ಟು ಅಗಲ, ಯಾವ ದಿನಕ್ಕೆ ಎಂಜಿನಿಯರನ್ನು ಕಳಿಸುತ್ತೀರಿ, ಇಷ್ಟೇ ಸಾಕು. ಮಾಲೀಕರು ಕಳಿಸದಿದ್ದರೆ ಸ್ವಂತ ಖರ್ಚಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರೊಬ್ಬರಿಂದ ವರದಿ ಬರೆಸುವುದು ಒಳ್ಳೆಯದು. ಮೇಸ್ತ್ರಿಯ ಅಭಿಪ್ರಾಯ ಕೋರ್ಟಿನಲ್ಲಿ ನಿಲ್ಲದು. ಕಾಂಕ್ರೀಟಿನ ಗಟ್ಟಿತನವನ್ನು ಸುತ್ತಿಗೆಯ ಪುಟಿತದಿಂದ, ಶ್ರವಣಾತೀತ ತರಂಗದಿಂದ ಅಳೆಯುವ ಪರೀಕ್ಷೆಗಳಿವೆ. ಖಾಸಗಿ ಪ್ರಯೋಗಾಲಯಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಮಾಡಿಕೊಡುತ್ತವೆ. ಆ ವರದಿಯ ಪ್ರತಿಯನ್ನು ಮಾಲೀಕರಿಗೂ ಪಾಲಿಕೆಯ ವಾರ್ಡ್ ಎಂಜಿನಿಯರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.

ಕೋಪದಲ್ಲಿ ಬಾಡಿಗೆ ನಿಲ್ಲಿಸುವುದು ಎಲ್ಲರಿಗೂ ಹೊಳೆಯುವ ಅಸ್ತ್ರ. ಅದು ತಿರುಗಿ ಬಡಿಯುವುದೇ ಹೆಚ್ಚು. ರಿಪೇರಿಯ ಪ್ರಶ್ನೆ ಮರೆಯಾಗಿ ನೀವು ಬಾಕಿದಾರರಾಗಿ ನಿಲ್ಲುತ್ತೀರಿ. ಮುರಿದುಕೊಳ್ಳುವುದಿದ್ದರೆ ಮೊದಲು ನೋಟಿಸ್, ಆಮೇಲೆ ರಸೀತಿಸಹಿತ ಖರ್ಚು, ಉಳಿದ ಬಾಡಿಗೆ ಬ್ಯಾಂಕಿನ ಮೂಲಕ. ಬಿಟ್ಟು ಹೋಗುವುದೇ ನಿಶ್ಚಯವಾದರೆ, ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ ಎಂದು ಲಿಖಿತವಾಗಿ ಒಪ್ಪಿಸುವುದು ಹಣ ಹೊರತೆಗೆಯುವ ಸುಲಭ ದಾರಿ. ಅನೇಕ ಮಾಲೀಕರು ನಗದು ಕೊಡಲಾರರು, ಇದಕ್ಕೆ ಒಪ್ಪುತ್ತಾರೆ. ಭೋಗ್ಯದವರಿಗೆ ಈ ದಾರಿಯೂ ಇಲ್ಲ. ಅಷ್ಟು ದೊಡ್ಡ ಮೊತ್ತ ಕೊಡುವವರು ಕರಾರನ್ನು ನೋಂದಣಿ ಮಾಡಿಸದೆ ಕೊಡಲೇಬಾರದು.

ನೆರೆಯಲ್ಲಿ ಬಿದ್ದ ಮನೆಗಳ ಪರಿಹಾರದಲ್ಲೂ ಬಾಡಿಗೆದಾರರು ಅಂಚಿನಲ್ಲೇ ಇರುತ್ತಾರೆ. 2019ರ ಉತ್ತರ ಕರ್ನಾಟಕದ ಪ್ರವಾಹದ ನಂತರ ಪೂರ್ಣ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಘೋಷಣೆಯಾಯಿತು. ಮನೆ ಕಟ್ಟಿಕೊಳ್ಳುವ ಹಣವಾದ್ದರಿಂದ ಅದು ಮನೆಯೊಡೆಯರಿಗೆ. ಒಳಗಿದ್ದ ಟಿವಿ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ ಬಾಡಿಗೆದಾರರದ್ದು. 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಮನೆಯೊಳಗಿನ ಸಾಮಾನಿಗೆ ಮಾತ್ರವೂ ವಿಮೆ ಮಾಡಿಸಬಹುದು. ಬೆಂಕಿ, ನೆರೆ, ಭೂಕುಸಿತಕ್ಕೆ ಅದು ಸರಿ. ಕಾಲಕ್ರಮದ ಸವೆತಕ್ಕೆ, ಕಳಪೆ ಕಾಮಗಾರಿಗೆ ವಿಮೆ ಇಲ್ಲ.

ಕೇಂದ್ರ ಸಚಿವ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಕಗ್ಗಂಟಿನ ಹಲವು ಎಳೆಗಳನ್ನು ಬಿಡಿಸಿದೆ. ಬಾಡಿಗೆದಾರರು ಮಾಡಿದ ಹಾನಿಯನ್ನು ಬಿಟ್ಟು ರಚನೆಯ ಎಲ್ಲ ರಿಪೇರಿ ಮಾಲೀಕರದ್ದು ಎಂದು ಅದರ ಅನುಸೂಚಿ ನೇರವಾಗಿ ಹೇಳುತ್ತದೆ. ಮಾಲೀಕರು ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧವನ್ನು ಮೀರದಂತೆ ಮುರಿದುಕೊಳ್ಳಬಹುದು. ರಿಪೇರಿಯಿಲ್ಲದೆ ವಾಸಿಸಲಾಗದ ಸ್ಥಿತಿ ಇದ್ದು, ಲಿಖಿತವಾಗಿ ಕೇಳಿದರೂ ನಿರಾಕರಿಸಿದರೆ ಹದಿನೈದು ದಿನದ ನೋಟಿಸ್ ಕೊಟ್ಟು ಬಿಟ್ಟುಹೋಗಬಹುದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ವ್ಯಾಜ್ಯಕ್ಕೆ ಪ್ರತ್ಯೇಕ ಬಾಡಿಗೆ ಪ್ರಾಧಿಕಾರ. ಇದು ಮಾದರಿ ಮಾತ್ರ. ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಕಾನೂನು. ನೆರೆಯ ತಮಿಳುನಾಡು ಇಂಥದೇ ಕಾಯ್ದೆಯನ್ನು 2017ರಲ್ಲೇ ತಂದು ಅಡ್ವಾನ್ಸಿಗೆ ಮೂರು ತಿಂಗಳ ಮಿತಿ ಹಾಕಿದೆ. ಕರ್ನಾಟಕ ಇನ್ನೂ 3,500 ರೂಪಾಯಿಯ ಗಡಿಯಲ್ಲೇ ನಿಂತಿದೆ.

ಮಾದರಿ ಕಾಯ್ದೆಯ ಎಲ್ಲವನ್ನೂ ಒಪ್ಪಬೇಕೆಂದಿಲ್ಲ. ಕರಾರು ಮುಗಿದ ಮೇಲೂ ಉಳಿದವರಿಗೆ ಅದು ವಿಧಿಸುವ ದುಪ್ಪಟ್ಟು, ನಾಲ್ಪಟ್ಟು ಬಾಡಿಗೆ ಬಡವರಿಗೆ ಕ್ರೂರವೇ. ರಚನಾ ರಿಪೇರಿಯ ಹೊಣೆ ಮತ್ತು ಅಡ್ವಾನ್ಸಿನ ಮಿತಿ, ಈ ಎರಡನ್ನಾದರೂ ರಾಜ್ಯ ಸರ್ಕಾರ 1999ರ ಕಾಯ್ದೆಗೆ ಸೇರಿಸಿ, ಬಾಡಿಗೆಯ ಗಡಿಯನ್ನು ಕಿತ್ತುಹಾಕಬೇಕು. ಐದೂ ಪಾಲಿಕೆಗಳು ಶಿಥಿಲ ಕಟ್ಟಡಗಳ ಪಟ್ಟಿಯನ್ನು ಕಡತದಲ್ಲಿ ಇಡದೆ ವಿಳಾಸಸಹಿತ ಪ್ರಕಟಿಸಬೇಕು, ಆಯಾ ಕಟ್ಟಡದ ಬಾಗಿಲಿಗೆ ಅಂಟಿಸಬೇಕು, ಖಾಲಿ ಮಾಡಿಸುವ ಆದೇಶದಲ್ಲೇ ಅಡ್ವಾನ್ಸ್ ಮರಳಿಸುವ ಗಡುವನ್ನೂ ಬರೆಯಬೇಕು. ಅಲ್ಲಿಯವರೆಗೆ, ವಕೀಲರ ಫೀಸಿಗೆ ಹೆದರಿ ಬಿರುಕಿನ ಕೆಳಗೆ ಮಲಗುತ್ತಿರುವವರಿಗೆ ಒಂದು ಮಾತು: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಅದರ ಸಹಾಯವಾಣಿ 15100.